ಬೆನ್ನೀರ ಮಜ್ಜನವೂ ಅತಿಥಿಧರ್ಮವೂ

ಬಿಸಿಲಿನಲ್ಲಿ ನಡೆದು ಬಂದವನಿಗೆ ಮೊದಲು ನೀರು, ಆಮೇಲೆ ಮಾತು. ಇದು ಬಯಲುಸೀಮೆಯ ಮನೆಗಳಲ್ಲಿ ಯಾರೂ ಬರೆಯದೆ ಎಲ್ಲರೂ ನಡೆಸಿಕೊಂಡು ಬಂದ ಶಾಸನ. ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯ ಮೇಲಿರುವ ತಳಕಿನಂಥ ಊರಿನಲ್ಲಿ ಈ ಶಾಸನಕ್ಕೆ ವಿಶೇಷವಾದ ಬೆಲೆಯುಂಟು. ರಾಜ್ಯದಲ್ಲಿ ಅತ್ಯಂತ ಕಡಿಮೆ ಮಳೆ ಕಾಣುವ ಸೀಮೆಗಳಲ್ಲಿ ಇದೂ ಒಂದು. ಇಲ್ಲಿ ಅತಿಥಿಯ ಕಾಲಿಗೆ ಸುರಿಯುವ ಒಂದು ಚೊಂಬು ನೀರು ಯಾವುದೋ ತಾಯಿ ಬಹುದೂರದಿಂದ ಸೊಂಟದ ಮೇಲೆ ಹೊತ್ತು ತಂದ ಕೊಡದ ಪಾಲು. ಆದುದರಿಂದಲೇ ಆ ಒಂದು ಚೊಂಬಿನಲ್ಲಿ ಅತಿಥಿಧರ್ಮದ ಸಾರವೆಲ್ಲ ಅಡಗಿದೆ.

ನೀರಿಗೆ ಬರವಿರುವ ಈ ನೆಲದಲ್ಲಿ ನಿಂತು, ನೀರು ಕಾದು ಉಕ್ಕುವ ಜಪಾನ್ ದೇಶದ ಕಡೆಗೆ ನೋಡುವುದು ಮೊದಲಿಗೆ ವಿಚಿತ್ರವೆಂದು ತೋರಬಹುದು. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋದಾಗ ಅವರ ಕಣ್ಣು ಅಲ್ಲಿನ ಕೈಗಾರಿಕೆ ಮತ್ತು ವಿದ್ಯಾಭ್ಯಾಸಗಳ ಮೇಲೆ ನೆಟ್ಟಿತ್ತು. ಕಲಿಯಬೇಕಾದುದು ಆ ದೇಶದ ಯಂತ್ರಶಾಲೆಗಳಲ್ಲಿ ಇರುವಂತೆಯೇ ಅದರ ಸ್ನಾನಗೃಹದಲ್ಲಿಯೂ ಉಂಟು. ಅಲ್ಲಿನ ಬಿಸಿನೀರಿನ ಚಿಲುಮೆ, ಅದರ ಬದಿಯಲ್ಲಿ ನಿಂತ ಸಾಂಪ್ರದಾಯಿಕ ಪಥಿಕಗೃಹ, ವಾರದ ಕೊನೆಯಲ್ಲಿ ಅಲ್ಲಿಗೆ ಹೋಗಿ ಬರುವ ಸಂಸಾರಗಳ ನಡವಳಿಕೆ – ಇವನ್ನು ಕನ್ನಡ ನಾಡಿನ ಮಜ್ಜನ, ದಾಸೋಹ, ಅರವಟ್ಟಿಗೆಗಳ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪದವಿಚಾರ

ಒಂದು ಜನಾಂಗಕ್ಕೆ ಯಾವುದು ಹತ್ತಿರವೋ ಅದಕ್ಕೆ ಅದರ ಭಾಷೆಯಲ್ಲಿ ಸ್ವಂತ ಪದವಿರುತ್ತದೆ. ಜಪಾನೀ ಭಾಷೆಯಲ್ಲಿ ತಣ್ಣೀರಿಗೆ 'ಮಿಜು' ಎಂದೂ ಬಿಸಿನೀರಿಗೆ 'ಯು' ಎಂದೂ ಬೇರೆಬೇರೆ ಪದಗಳಿವೆ. 'ಯು' ಎಂಬ ಒಂದೇ ಅಕ್ಷರವನ್ನು ಬರೆದ ಬಟ್ಟೆಯ ತೆರೆಯನ್ನು ಬಾಗಿಲಿಗೆ ತೂಗುಹಾಕಿದರೆ ಅದು ಸ್ನಾನಗೃಹವೆಂದು ಮಕ್ಕಳೂ ಅರಿಯುತ್ತಾರೆ. ಅವರ ಪ್ರಸಿದ್ಧವಾದ ಚಹಾ ವಿಧಿಗೆ 'ಚಾನೊಯು', ಅಂದರೆ 'ಚಹಾದ ಬಿಸಿನೀರು' ಎಂದೇ ಹೆಸರು. ಸ್ನಾನದ ಅನಂತರ ಉಡುವ ಹತ್ತಿಯ ನಿಲುವಂಗಿ 'ಯುಕಾತ'ದಲ್ಲಿಯೂ ಆ 'ಯು' ಸೇರಿಕೊಂಡಿದೆ. ಬಿಸಿನೀರಿನ ಚಿಲುಮೆಗೆ 'ಒನ್‌ಸೆನ್' ಎನ್ನುತ್ತಾರೆ. ಬೆಚ್ಚನೆಯ ಊಟೆ ಎಂದು ಅದರ ಅರ್ಥ. ಪಥಿಕಗೃಹಕ್ಕೆ 'ರ್ಯೊಕಾನ್' ಎಂದು ಹೆಸರು. ಪಯಣದ ಮನೆ ಎಂಬುದು ಅದರ ಅಕ್ಷರಾರ್ಥ.

ಕನ್ನಡವೂ ಈ ವಿಷಯದಲ್ಲಿ ಬಡವಾಗಿರಲಿಲ್ಲ. 'ತಣ್' ಮತ್ತು 'ನೀರ್' ಕೂಡಿ 'ತಣ್ಣೀರ್' ಆದಂತೆ, ಬೇಯುವುದೆಂಬ ಅರ್ಥದ ಧಾತುವಿನಿಂದ ಬಂದ 'ಬೆನ್' ಎಂಬುದು 'ನೀರ್' ಜೊತೆ ಕೂಡಿ 'ಬೆನ್ನೀರ್' ಎಂಬ ಹಳಗನ್ನಡದ ಪದವಾಗಿತ್ತು. ತಮಿಳಿನ 'ವೆನ್ನೀರ್' ಇಂದಿಗೂ ಮನೆಮಾತಿನಲ್ಲಿದೆ. ತುಳುವರು ಬಿಸಿನೀರನ್ನು 'ಬೆಂದ್ರ್' ಎನ್ನುತ್ತಾರೆ. ಕನ್ನಡದಲ್ಲಿ ತಣ್ಣೀರು ಉಳಿದುಕೊಂಡಿತು, ಬೆನ್ನೀರು ನಿಘಂಟನ್ನು ಸೇರಿತು.

ಆದರೆ ಕರ್ನಾಟಕದ ಒಂದು ಊರಿನಲ್ಲಿ ಆ ಪದ ಸ್ಥಳನಾಮವಾಗಿ ಜೀವ ಹಿಡಿದುಕೊಂಡಿದೆ. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ತಾಲ್ಲೂಕಿನ ಇರ್ದೆ ಗ್ರಾಮದಲ್ಲಿ, ಹೊಳೆಯ ದಡದಲ್ಲಿರುವ ಬೆಂದ್ರುತೀರ್ಥವೇ ಅದು. ನಾಡಿನ ಬಿಸಿನೀರಿನ ಚಿಲುಮೆ ಎಂದು ಪ್ರಸಿದ್ಧವಾದ ಈ ತೀರ್ಥಕ್ಕೆ ಚರ್ಮವ್ಯಾಧಿಗಳು ಗುಣವಾಗುವುವೆಂಬ ನಂಬಿಕೆಯಿಂದ ಜನರು ಬಂದು ಮೀಯುತ್ತಾರೆ. ಅಲ್ಲಿಂದ ಕರಾವಳಿಯುದ್ದಕ್ಕೂ ಉತ್ತರಕ್ಕೆ ಸಾಗಿದರೆ ಮಹಾರಾಷ್ಟ್ರದ ಕೊಂಕಣದಲ್ಲಿ ವಜ್ರೇಶ್ವರಿ, ಗಣೇಶಪುರಿ ಮೊದಲಾದ ಬಿಸಿನೀರಿನ ಕುಂಡಗಳ ಸಾಲೇ ಸಿಗುತ್ತದೆ. ಭಾರತದಲ್ಲಿ ಇಂಥ ನೀರು ದೊರೆತಲ್ಲೆಲ್ಲ ಜನರು ದೇವಾಲಯವನ್ನು ಕಟ್ಟಿದರು. ಜಪಾನಿನವರು ಅದರ ಪಕ್ಕದಲ್ಲಿ ಪಥಿಕಗೃಹವನ್ನು ಕಟ್ಟಿದರು. ಎರಡರ ಹಿಂದೆಯೂ ಇರುವುದು ಒಂದೇ ಕೃತಜ್ಞತೆ.

ನೆಲದ ಒಡಲ ಬೆಂಕಿ

ಜಪಾನ್ ದ್ವೀಪಗಳು ಭೂಮಿಯ ಹೊರಪದರದ ಫಲಕಗಳು ಒಂದರ ಕೆಳಗೊಂದು ನುಗ್ಗುವ ಎಡೆಯಲ್ಲಿವೆ. ಭೂಕಂಪ, ಜ್ವಾಲಾಮುಖಿಗಳು ಅಲ್ಲಿನ ನಿತ್ಯದ ಅಂಜಿಕೆ. ಅದೇ ಬೆಂಕಿಯ ಮೃದುವಾದ ಮುಖವೇ ಬಿಸಿನೀರಿನ ಚಿಲುಮೆ. ಮಳೆಯ ನೀರು ಬಿರುಕುಗಳ ಮೂಲಕ ಆಳಕ್ಕೆ ಇಳಿದು, ಅಲ್ಲಿ ಕಾದು, ಗಂಧಕ, ಕಬ್ಬಿಣ, ಲವಣಗಳನ್ನು ಕರಗಿಸಿಕೊಂಡು ಮೇಲಕ್ಕೆ ಬರುತ್ತದೆ. 1948ರಲ್ಲಿ ಜಾರಿಗೆ ಬಂದ ಅಲ್ಲಿನ ಕಾನೂನಿನ ಪ್ರಕಾರ, ಮೂಲದಲ್ಲಿ 25 ಡಿಗ್ರಿ ಸೆಲ್ಸಿಯಸ್ಸಿಗೆ ಕಡಿಮೆಯಿಲ್ಲದ ಉಷ್ಣತೆಯುಳ್ಳ ಅಥವಾ ಗೊತ್ತುಪಡಿಸಿದ ಖನಿಜಾಂಶಗಳಲ್ಲಿ ಒಂದನ್ನಾದರೂ ತಕ್ಕ ಪ್ರಮಾಣದಲ್ಲಿ ಹೊಂದಿದ ನೀರಿಗೆ ಮಾತ್ರ ಒನ್‌ಸೆನ್ ಎಂಬ ಹೆಸರು ಸಲ್ಲುತ್ತದೆ. ಇಂಥ ನೀರಿನ ಮೂಲಗಳು ಆ ದೇಶದಲ್ಲಿ ಸುಮಾರು 27,000ದಷ್ಟಿವೆ. ಬೆಪ್ಪು ಎಂಬ ಒಂದೇ ಪಟ್ಟಣದಲ್ಲಿ 2,000ಕ್ಕೂ ಹೆಚ್ಚು.

ಚಿತ್ರದುರ್ಗದ ಸೀಮೆಗೆ ಈ ಬೆಂಕಿ ಅಪರಿಚಿತವೇನಲ್ಲ. ಈ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಬಂಡೆಗಳಿವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನ ತಳದಲ್ಲಿ ಉಕ್ಕಿದ ಲಾವಾರಸ ಒಮ್ಮೆಲೇ ತಣಿದು ಆ ರೂಪ ತಾಳಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೂ ಆಗಿದೆ. ಒಂದು ಕಾಲಕ್ಕೆ ಇಲ್ಲಿಯೂ ನೀರು ಬೆಂಕಿಗಳು ಸಂಧಿಸಿದ್ದವು. ಇಂದು ಬೆಂಕಿ ಆರಿದೆ, ನೀರು ಪಾತಾಳಕ್ಕೆ ಇಳಿದಿದೆ. ಈ ನೆಲದ ಮಕ್ಕಳಿಗೆ ಉಳಿದಿರುವುದು ಕಲ್ಲಿನ ಸಾಕ್ಷಿ ಮಾತ್ರ.

ಶನಿವಾರದ ಪಯಣ

ಟೋಕಿಯೋ ನಗರದ ಸಂಸಾರವೊಂದು ವಾರದ ಕೊನೆಯ ಎರಡು ದಿನಗಳನ್ನು ಕಳೆಯಲು ಸಾಮಾನ್ಯವಾಗಿ ಆರಿಸಿಕೊಳ್ಳುವ ಸ್ಥಳಗಳಲ್ಲಿ ಹಾಕೋನೆ ಒಂದು. ನಗರದಿಂದ ವಿಶೇಷ ರೈಲಿನಲ್ಲಿ ಒಂದೂವರೆ ಗಂಟೆಯ ಹಾದಿ. ಅಜ್ಜ ಅಜ್ಜಿ, ಮಗ ಸೊಸೆ, ಮೊಮ್ಮಕ್ಕಳು ಒಟ್ಟಾಗಿ ಹೊರಡುತ್ತಾರೆ. ಹಳೆಯ ಹೆದ್ದಾರಿಯ ಮೇಲಿದ್ದ ಈ ಬೆಟ್ಟದ ಊರಿನಲ್ಲಿ ಹಿಂದೆ ಸರ್ಕಾರದ ತನಿಖಾ ಠಾಣೆಯಿತ್ತು. ಕಾಲ್ನಡಿಗೆಯ ದಣಿವನ್ನು ಬಿಸಿನೀರಿನಲ್ಲಿ ಕಳೆದುಕೊಂಡು ಮುಂದೆ ಸಾಗುತ್ತಿದ್ದ ಪಥಿಕರ ನೆನಪು ಆ ಊರಿಗೆ ಇನ್ನೂ ಇದೆ.

ಮಧ್ಯಾಹ್ನ ಮೂರರ ವೇಳೆಗೆ ಪಥಿಕಗೃಹದ ಹೊಸ್ತಿಲಿಗೆ ಬಂದವರು ಮೊದಲು ಪಾದರಕ್ಷೆಗಳನ್ನು ಕಳಚಬೇಕು. ಈ ಒಂದು ನಡತೆ ಕನ್ನಡಿಗರಿಗೆ ಆ ಮನೆಯನ್ನು ಕೂಡಲೇ ಆಪ್ತವಾಗಿಸುತ್ತದೆ. ಮನೆಯ ಯಜಮಾನಿ ಮೊಣಕಾಲೂರಿ ಬಾಗಿ ವಂದಿಸುತ್ತಾಳೆ. ಕೋಣೆಯಲ್ಲಿ ಮಂಚವಿಲ್ಲ, ಕುರ್ಚಿಗಳ ಸಾಲಿಲ್ಲ. ಹುಲ್ಲಿನಿಂದ ಹೆಣೆದ ದಪ್ಪ ಚಾಪೆಗಳ ನೆಲ, ಗಿಡ್ಡನೆಯ ಒಂದು ಮೇಜು, ಗೋಡೆಯ ಗೂಡಿನಲ್ಲಿ ಒಂದು ಚಿತ್ರಪಟ, ಒಂದು ಹೂ. ಬಂದವರಿಗೆ ಚಹಾ, ಒಂದು ತುಣುಕು ಸಿಹಿ. ಬೆಲ್ಲ ನೀರು ಕೊಟ್ಟು ದಣಿವಾರಿಸುವ ಬಯಲುಸೀಮೆಯ ಅಜ್ಜಿಗೆ ಇದರಲ್ಲಿ ಹೊಸತೇನೂ ಕಾಣದು.

ಅನಂತರ ಯುಕಾತವನ್ನು ಧರಿಸಿ ಸ್ನಾನಕ್ಕೆ ಹೋಗುತ್ತಾರೆ. ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕವಾದ ಕೊಳಗಳಿವೆ. ನೀರು ಸಾಮಾನ್ಯವಾಗಿ 40ರಿಂದ 42 ಡಿಗ್ರಿಗಳಷ್ಟು ಬಿಸಿ. ಆದಕಾರಣ ವೃದ್ಧರೂ ಹೃದ್ರೋಗಿಗಳೂ ಹೆಚ್ಚು ಹೊತ್ತು ಕುಳಿತಿರಬಾರದೆಂಬ ಎಚ್ಚರಿಕೆಯಿದೆ. ಸಂಜೆ ಋತುಮಾನಕ್ಕೆ ತಕ್ಕ ಪದಾರ್ಥಗಳು ಚಿಕ್ಕ ಚಿಕ್ಕ ಬಟ್ಟಲುಗಳಲ್ಲಿ ಒಂದೊಂದಾಗಿ ಬರುತ್ತವೆ. ಉಣ್ಣುವ ಮೊದಲು ಅವರು ಕೈಜೋಡಿಸಿ, ವಿನಯದಿಂದ ಸ್ವೀಕರಿಸುತ್ತೇನೆಂಬ ಅರ್ಥದ ಒಂದು ಮಾತನ್ನು ಹೇಳುತ್ತಾರೆ. ಊಟ ಮುಗಿಸಿ ಬರುವಷ್ಟರಲ್ಲಿ ಚಾಪೆಯ ನೆಲದ ಮೇಲೆ ಹಾಸಿಗೆಗಳು ಸಿದ್ಧವಾಗಿರುತ್ತವೆ. ಮೂರು ತಲೆಮಾರಿನವರು ಸಾಲಾಗಿ ಮಲಗುತ್ತಾರೆ. ನಗರದ ಮನೆಯಲ್ಲಿ ಕೋಣೆಗೊಬ್ಬರಂತೆ ಹಂಚಿಹೋದ ಸಂಸಾರ ಒಂದು ರಾತ್ರಿಯ ಮಟ್ಟಿಗೆ ಮತ್ತೆ ಒಂದೇ ಜಗಲಿಯ ಸಂಸಾರವಾಗುತ್ತದೆ.

ಇಂಥ ಮನೆಗಳ ವಯಸ್ಸು ಅಚ್ಚರಿ ಹುಟ್ಟಿಸುವಂಥದು. ಯಮನಾಶಿ ಪ್ರಾಂತದ ಕೇಉನ್‌ಕಾನ್ ಎಂಬ ಪಥಿಕಗೃಹ ಕ್ರಿ.ಶ. 705ರಲ್ಲಿ ಆರಂಭವಾಯಿತೆಂದು ಪ್ರತೀತಿ. 2011ರಲ್ಲಿ ಗಿನ್ನೆಸ್ ದಾಖಲೆ ಅದನ್ನು ಜಗತ್ತಿನ ಅತ್ಯಂತ ಹಳೆಯ ವಸತಿಗೃಹವೆಂದು ಗುರುತಿಸಿತು. ಅವಾಜು ಎಂಬಲ್ಲಿಯ ಹೋಶಿ ಮನೆತನದ ಪಥಿಕಗೃಹಕ್ಕೆ 718ನೆಯ ಇಸವಿಯನ್ನು ಹೇಳುತ್ತಾರೆ. ಬಾದಾಮಿಯ ಚಾಲುಕ್ಯರು ಈ ನಾಡನ್ನು ಆಳುತ್ತಿದ್ದ ಕಾಲವದು. ಗಂಡು ಸಂತಾನವಿಲ್ಲದ ತಲೆಮಾರಿನಲ್ಲಿ ಯೋಗ್ಯನಾದವನನ್ನು ದತ್ತು ತೆಗೆದುಕೊಂಡು, ಅವನಿಗೆ ಮನೆತನದ ಹೆಸರನ್ನು ಕೊಟ್ಟು ಕಾಯಕವನ್ನು ಮುಂದುವರಿಸುವುದು ಆ ದೇಶದ ಹಳೆಯ ಮನೆತನಗಳ ಪದ್ಧತಿ. ರಕ್ತಸಂಬಂಧಕ್ಕಿಂತ ಕಾಯಕದ ಪರಂಪರೆ ದೊಡ್ಡದೆಂಬ ಈ ತತ್ತ್ವವನ್ನು ಮಠದ ಗುರುಪರಂಪರೆಯನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ನೀರಿಗಿಳಿಯುವ ಮುನ್ನ

ಮೇಲಿನ ವರ್ಣನೆಯಲ್ಲಿ ಬೇಕೆಂದೇ ಬಿಟ್ಟಿರುವ ಅಂಶವೊಂದಿದೆ. ಈ ಪಾಠದ ತಿರುಳು ಅದರಲ್ಲಿಯೇ ಇರುವುದರಿಂದ ಅದನ್ನು ಬೇರೆಯಾಗಿಯೇ ವಿವೇಚಿಸಬೇಕು.

ಜಪಾನಿನ ಸ್ನಾನದ ಕೊಳ ಮೈ ತೊಳೆಯುವ ಸ್ಥಳವಲ್ಲ. ಕೊಳದ ಬದಿಯಲ್ಲಿ ಗಿಡ್ಡ ಮಣೆಗಳೂ ಚಿಕ್ಕ ತೊಟ್ಟಿಗಳೂ ಇರುತ್ತವೆ. ಸ್ನಾನಕ್ಕೆ ಬಂದವರು ಅಲ್ಲಿ ಕುಳಿತು, ಸೋಪು ಹಚ್ಚಿ, ಮೈಯನ್ನು ಚೆನ್ನಾಗಿ ತೊಳೆದುಕೊಂಡು, ನೊರೆಯ ಒಂದು ಹನಿಯೂ ಉಳಿಯದಂತೆ ನೀರು ಸುರಿದುಕೊಂಡ ಮೇಲೆಯೇ ಕೊಳಕ್ಕೆ ಇಳಿಯಬೇಕು. ಕೈಯಲ್ಲಿರುವ ಚಿಕ್ಕ ವಸ್ತ್ರವೂ ನೀರಿಗೆ ತಾಕಬಾರದು. ಅದನ್ನು ಮಡಿಸಿ ತಲೆಯ ಮೇಲಿಟ್ಟುಕೊಳ್ಳುತ್ತಾರೆ. ಉದ್ದ ಕೂದಲನ್ನು ಎತ್ತಿ ಕಟ್ಟಬೇಕು. ಈಜುವಂತಿಲ್ಲ, ನೀರನ್ನು ಎರಚುವಂತಿಲ್ಲ. ಮನೆಯ ಸ್ನಾನದ ತೊಟ್ಟಿಗೂ ಇದೇ ನಿಯಮ: ಒಮ್ಮೆ ಕಾಯಿಸಿದ ನೀರಿನಲ್ಲಿ ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಕುಳಿತೇಳುತ್ತಾರೆ, ಅತಿಥಿ ಬಂದಿದ್ದರೆ ಮೊದಲ ಸರದಿ ಅವನದು.

ಚೊಂಬಿನಿಂದ ನೀರನ್ನು ಮೈಮೇಲೆ ಸುರಿದುಕೊಂಡು, ಬಳಸಿದ ನೀರು ಬಚ್ಚಲಿನಿಂದ ಹರಿದುಹೋಗುವುದನ್ನೇ ಶುಚಿಯೆಂದು ತಿಳಿದ ಕನ್ನಡಿಗರಿಗೆ, ಇನ್ನೊಬ್ಬರು ಕುಳಿತೆದ್ದ ನೀರಿನಲ್ಲಿ ಕೂರುವುದು ಮೊದಲಿಗೆ ಅಸಹ್ಯವೆನಿಸಬಹುದು. ದೀಪಾವಳಿಗೆ ನೀರು ತುಂಬುವ ಹಬ್ಬದ ದಿನ ಹಂಡೆಯನ್ನು ಬೆಳಗಿ, ಪೂಜಿಸಿ, ಮರುದಿನ ಎಣ್ಣೆನೀರು ಎರೆಯುವ ಈ ನಾಡಿನಲ್ಲಿಯೂ ಬಿಸಿನೀರಿಗೆ ಗೌರವವುಂಟು. ಆದರೆ ಇಲ್ಲಿನ ಕ್ರಮ ಬೇರೆ. ಎರಡು ಪದ್ಧತಿಗಳಲ್ಲಿ ಯಾವುದು ಮೇಲು ಎಂಬ ಚರ್ಚೆ ಅನಾವಶ್ಯಕ. ಗಮನಿಸಬೇಕಾದುದು ಇಷ್ಟು: ಹತ್ತಾರು ಜನರು ಇಳಿದರೂ ಆ ಕೊಳದ ನೀರು ತಿಳಿಯಾಗಿರುವುದು ಇಳಿಯುವವರ ಸಂಯಮದಿಂದ. ತನ್ನ ಕೊಳೆಯನ್ನು ತಾನು ಮೊದಲೇ ತೊಳೆದುಕೊಂಡು ಬರುವುದು, ತನ್ನ ಅನಂತರ ಬರುವ ಅಪರಿಚಿತನಿಗೆ ಪ್ರತಿಯೊಬ್ಬ ಅತಿಥಿಯೂ ಸಲ್ಲಿಸುವ ಸೇವೆ. ಆತಿಥ್ಯವೆಂದರೆ ಮನೆಯೊಡೆಯನ ಕರ್ತವ್ಯವೆಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಅತಿಥಿಗೂ ಒಂದು ಧರ್ಮವುಂಟೆಂಬುದನ್ನು ಈ ಕೊಳ ಕಲಿಸುತ್ತದೆ.

ತಪೋದದಿಂದ ನಾರಾದವರೆಗೆ

ಈ ಪಾಠದ ಬೇರು ಭಾರತದಲ್ಲಿಯೂ ಇದೆ. ಮಗಧದ ರಾಜಗೃಹದಲ್ಲಿ ತಪೋದವೆಂಬ ಬಿಸಿನೀರಿನ ಚಿಲುಮೆಗಳು ಬುದ್ಧನ ಕಾಲದಿಂದಲೂ ಪ್ರಸಿದ್ಧವಾಗಿವೆ. ಬೌದ್ಧರ ವಿನಯಪಿಟಕದಲ್ಲಿ ಒಂದು ಪ್ರಸಂಗ ಬರುತ್ತದೆ. ಬಿಂಬಿಸಾರ ಮಹಾರಾಜ ಅಲ್ಲಿ ಮೀಯಲು ಬಂದಾಗ ಭಿಕ್ಷುಗಳು ನೀರಿನಲ್ಲಿದ್ದರು. ಅವರ ಸ್ನಾನ ಮುಗಿಯಲೆಂದು ರಾಜನು ಕಾದ. ಭಿಕ್ಷುಗಳು ಕತ್ತಲಾಗುವವರೆಗೂ ಮೇಲೇಳಲಿಲ್ಲ. ಕಡೆಗೆ ರಾಜನು ಮಿಂದು ಹಿಂದಿರುಗುವಷ್ಟರಲ್ಲಿ ನಗರದ ಬಾಗಿಲು ಮುಚ್ಚಿತ್ತು. ಅವನು ರಾತ್ರಿಯನ್ನು ಹೊರಗೆ ಕಳೆಯಬೇಕಾಯಿತು. ಇದನ್ನು ತಿಳಿದ ಬುದ್ಧನು ಭಿಕ್ಷುಗಳ ಸ್ನಾನಕ್ಕೆ ಮಿತಿಯನ್ನು ವಿಧಿಸಿದ. ಬೇಸಗೆ, ರೋಗ, ದುಡಿಮೆ, ಪ್ರಯಾಣಗಳಿಗೆ ವಿನಾಯಿತಿಯನ್ನೂ ಇತ್ತ. ಕಾಯಲು ಒಪ್ಪಿದ ರಾಜನ ಸೌಜನ್ಯವೂ ಹೊತ್ತನ್ನು ಮರೆತ ಭಿಕ್ಷುಗಳ ತಪ್ಪೂ ಈ ಕಥೆಯಲ್ಲಿ ಅಕ್ಕಪಕ್ಕದಲ್ಲಿವೆ.

ಆ ಬುದ್ಧನ ಮಾರ್ಗವನ್ನು ಹಿಡಿದ ಅಶೋಕನ ಶಾಸನಗಳು ತಳಕಿನ ನೆರೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಇವೆ. ಬಿ. ಎಲ್. ರೈಸ್ ಅವರು 1892ರಲ್ಲಿ ಅವನ್ನು ಬೆಳಕಿಗೆ ತಂದರು. ತಂದೆತಾಯಿಗಳ ಸೇವೆ, ಗುರುಗಳಲ್ಲಿ ಗೌರವ, ಪ್ರಾಣಿಗಳಲ್ಲಿ ದಯೆ, ಸತ್ಯ, ಬಂಧುಗಳೊಡನೆ ತಕ್ಕ ನಡತೆ – ಇವು ಅಲ್ಲಿನ ಉಪದೇಶ. ಅದೇ ಚಕ್ರವರ್ತಿ ತಾನು ದಾರಿಗಳ ಬದಿಯಲ್ಲಿ ಬಾವಿಗಳನ್ನು ತೋಡಿಸಿದುದನ್ನೂ ಮರಗಳನ್ನು ನೆಡಿಸಿದುದನ್ನೂ ತನ್ನ ಬೇರೆ ಶಾಸನಗಳಲ್ಲಿ ಹೇಳಿಕೊಂಡಿದ್ದಾನೆ.

ಬೌದ್ಧಧರ್ಮ ಚೀನ, ಕೊರಿಯಗಳ ಮೂಲಕ ಕ್ರಿ.ಶ. ಆರನೆಯ ಶತಮಾನದಲ್ಲಿ ಜಪಾನನ್ನು ಮುಟ್ಟಿದಾಗ ಗ್ರಂಥಗಳ ಜೊತೆಗೆ ಸ್ನಾನವೂ ಹೋಯಿತು. ರಾಜಗೃಹದ ವೈದ್ಯ ಜೀವಕನು ಬುದ್ಧನನ್ನೂ ಸಂಘವನ್ನೂ ಸ್ನಾನಕ್ಕೆ ಆಹ್ವಾನಿಸಿ ಅದರ ಪುಣ್ಯವೇನೆಂದು ಕೇಳುವ ಒಂದು ಸೂತ್ರ ಚೀನೀ ಭಾಷೆಯಲ್ಲಿ ಉಳಿದಿದೆ. ಜಪಾನಿನ ದೊಡ್ಡ ಮಠಗಳಲ್ಲಿ ಸ್ನಾನಶಾಲೆಗಳು ಏರ್ಪಟ್ಟು, ಬಡವರಿಗೂ ರೋಗಿಗಳಿಗೂ ಅಲ್ಲಿ ಮೀಯಿಸುವುದು ಪುಣ್ಯಕಾರ್ಯವೆನಿಸಿತು. ಎಂಟನೆಯ ಶತಮಾನದಲ್ಲಿ ನಾರಾ ನಗರದಲ್ಲಿದ್ದ ಸಾಮ್ರಾಜ್ಞಿ ಕೋಮ್ಯೊ ಸಾವಿರ ಮಂದಿಯನ್ನು ತನ್ನ ಕೈಯಾರೆ ಮೀಯಿಸುವ ವ್ರತವನ್ನು ತೊಟ್ಟಳೆಂದು ಐತಿಹ್ಯವಿದೆ. ಸಾವಿರದವನಾಗಿ ಬಂದವನು ಮೈಯೆಲ್ಲ ಹುಣ್ಣಾದ ಕುಷ್ಠರೋಗಿ. ಆಕೆ ಹಿಂಜರಿಯದೆ ಅವನ ಸೇವೆ ಮಾಡಿದಾಗ ಅವನು ತೇಜೋಮಯನಾದ ಅಕ್ಷೋಭ್ಯ ಬುದ್ಧನಾಗಿ ತೋರಿ ಮರೆಯಾದನಂತೆ. ಜಂಗಮನ ರೂಪದಲ್ಲಿ ಶಿವನೇ ಬಂದು ಭಕ್ತನನ್ನು ಪರೀಕ್ಷಿಸುವ ಕಥೆಗಳನ್ನು ಶಿವಶರಣರ ಪುರಾಣಗಳಲ್ಲಿ ಓದಿದವರಿಗೆ ಈ ಐತಿಹ್ಯ ಪರದೇಶದ್ದೆಂದು ತೋರದು. ಶರಣರ ಸಾಹಿತ್ಯದಲ್ಲಿ ಮತ್ತೆ ಮತ್ತೆ ಬರುವ 'ಮಜ್ಜನಕ್ಕೆರೆ' ಎಂಬ ಕ್ರಿಯಾಪದದ ಭಾವವೂ ಇದೇ. ಲಿಂಗಕ್ಕೆ ಎರೆವ ನೀರು ಜಂಗಮಕ್ಕೂ ಸಲ್ಲಬೇಕು.

ನೀರಿನ ಪರೀಕ್ಷೆ

ಹೀಗೆಂದು ಜಪಾನಿನ ಪದ್ಧತಿಯಲ್ಲಿ ದೋಷವೇ ಇಲ್ಲವೆಂದು ತಿಳಿಯಬಾರದು. ಕುಷ್ಠರೋಗಿಯನ್ನು ಮೀಯಿಸಿದ ಸಾಮ್ರಾಜ್ಞಿಯ ದೇಶದಲ್ಲಿಯೇ, ಆ ರೋಗಿಗಳನ್ನು ಬೇರ್ಪಡಿಸಿ ಇಡುವ ಕಾನೂನು 1996ರವರೆಗೂ ಉಳಿದಿತ್ತು. ಅದು ರದ್ದಾದ ಮೇಲೆಯೂ, 2003ರಲ್ಲಿ, ಕುಮಾಮೊತೊ ಪ್ರಾಂತದ ಬಿಸಿನೀರಿನ ಊರೊಂದರ ವಸತಿಗೃಹ ರೋಗದಿಂದ ಪೂರ್ಣವಾಗಿ ಗುಣಹೊಂದಿದ್ದ ವೃದ್ಧರಿಗೆ ಪ್ರವೇಶವನ್ನು ನಿರಾಕರಿಸಿತು. ದೇಶದಲ್ಲಿ ದೊಡ್ಡ ಕೋಲಾಹಲವೇ ಎದ್ದಿತು. ಮೈಮೇಲೆ ಹಚ್ಚೆಯಿದ್ದವರನ್ನು ಅನೇಕ ಸ್ನಾನಗೃಹಗಳು ಒಳಗೆ ಬಿಡುವುದಿಲ್ಲ. ಅಲ್ಲಿ ಹಚ್ಚೆ ಅಪರಾಧಿಗಳ ಕೂಟದ ಗುರುತೆಂಬ ಭಾವನೆಯಿದೆ. 2013ರಲ್ಲಿ ನ್ಯೂಜಿಲೆಂಡಿನ ಮಾವೋರಿ ಮಹಿಳೆಯೊಬ್ಬರನ್ನು ಅವರ ಕುಲದ ಹಚ್ಚೆಯ ಕಾರಣದಿಂದ ತಡೆಯಲಾಯಿತು. ತೋಳಿನ ತುಂಬ ಹಸಿರು ಹಚ್ಚೆಯ ಬಯಲುಸೀಮೆಯ ಅಜ್ಜಿಯೊಬ್ಬಳು ಅಲ್ಲಿಗೆ ಹೋಗಿದ್ದರೆ ಅವಳಿಗೂ ಬಹುಶಃ ಅದೇ ಗತಿಯಾಗುತ್ತಿತ್ತು.

ಈ ನಾಡಿನವರು ಅದನ್ನು ಕಂಡು ನಗುವಂತಿಲ್ಲ. ಇಲ್ಲಿ ಮನುಷ್ಯರಿಗೆ ಬಾವಿ ಕೆರೆಗಳನ್ನೇ ಮುಚ್ಚಿದ್ದ ಶತಮಾನಗಳಿವೆ. 1927ರ ಮಾರ್ಚ್ 20ರಂದು ಡಾ. ಬಿ. ಆರ್. ಅಂಬೇಡ್ಕರ್ ಅವರು ಕೊಂಕಣದ ಮಹಾಡಿನ ಚವದಾರ್ ಕೆರೆಯ ನೀರನ್ನು ಸಾವಿರಾರು ಜನರೊಡನೆ ಕುಡಿದುದು, ಬಾಯಾರಿಕೆಗಿಂತ ದೊಡ್ಡದೊಂದು ಹಕ್ಕಿನ ಸಲುವಾಗಿ. ಹನ್ನೆರಡನೆಯ ಶತಮಾನದ ಶರಣರು ಜಾತಿಸೂತಕವೂ ಸೇರಿದಂತೆ ಐದು ಸೂತಕಗಳನ್ನು ಅಲ್ಲಗಳೆದರು. ಹೊರಗಿನ ನೀರಿನಲ್ಲಿ ಮುಳುಗಿದುದಕ್ಕಿಂತ ಒಳಗಿನ ನಡತೆ ತಿಳಿಯಾಗಿರುವುದೇ ನಿಜವಾದ ಶುದ್ಧಿಯೆಂದರು. ಅವರ ಹೆಸರನ್ನು ಹೇಳುವವರ ಊರಿನಲ್ಲಿ ಯಾವ ನಲ್ಲಿಯಾಗಲಿ, ಯಾವ ಬಾವಿಯಾಗಲಿ ಒಬ್ಬನನ್ನಾದರೂ ದೂರ ನಿಲ್ಲಿಸುವುದಾದರೆ ಆ ಹೆಸರಿನ ಉಚ್ಚಾರಣೆ ವ್ಯರ್ಥ. ಸ್ವಚ್ಛತೆಯ ನಿಯಮ ನಡತೆಯನ್ನು ನೋಡಬೇಕು, ಹುಟ್ಟನ್ನು ನೋಡಬಾರದು. ತೊಳೆದುಕೊಂಡು ಬಾ ಎಂಬುದು ಧರ್ಮ. ನೀನು ಬರಲೇಬೇಡ ಎಂಬುದು ಅಧರ್ಮ.

ಮಠವೇ ಮನೆ

ಜಪಾನಿನ ಕೋಯಾ ಬೆಟ್ಟದ ಮೇಲೆ ಒಂಬತ್ತನೆಯ ಶತಮಾನದಲ್ಲಿ ಕೂಕಾಯ್ ಎಂಬ ಯತಿಗಳು ಸ್ಥಾಪಿಸಿದ ಮಠಗಳ ಸಮೂಹವಿದೆ. ಅಲ್ಲಿನ ಸುಮಾರು 50 ಮಠಗಳು ಯಾತ್ರಿಕರಿಗೆ ವಸತಿಯನ್ನೂ, ಮೀನು ಮಾಂಸಗಳ ಸೋಂಕಿಲ್ಲದ ಊಟವನ್ನೂ ಕೊಡುತ್ತವೆ. ಬೆಳಗಿನ ಪ್ರಾರ್ಥನೆಗೆ ಅತಿಥಿಗಳೂ ಬಂದು ಕೂರಬಹುದು. ಸಾಮಾನ್ಯ ಪಥಿಕಗೃಹಗಳ ಅಡಿಗೆಯಲ್ಲಿ ತರಕಾರಿಯ ಸಾರಿಗೂ ಒಣಮೀನಿನ ರಸ ಸೇರುವುದರಿಂದ, ಸಸ್ಯಾಹಾರಿಗಳಾದ ಕನ್ನಡ ಸಂಸಾರಗಳಿಗೆ ಈ ಮಠದ ಊಟವೇ ನಿಶ್ಚಿಂತೆಯದು. ಸ್ನಾನದ ಕಾಲದಲ್ಲಿಯೂ ಇಷ್ಟಲಿಂಗವನ್ನು ಅಂಗದಿಂದ ಅಗಲಿಸದ ಲಿಂಗವಂತರಿಗೂ, ಇತರರೆದುರು ಮೀಯಲು ಸಂಕೋಚಪಡುವವರಿಗೂ, ಒಂದು ಸಂಸಾರಕ್ಕೇ ಗೊತ್ತಾದ ಹೊತ್ತಿಗೆ ಬಿಟ್ಟುಕೊಡುವ ಪ್ರತ್ಯೇಕ ಸ್ನಾನದ ಕೊಳಗಳು ಅನೇಕ ಪಥಿಕಗೃಹಗಳಲ್ಲಿವೆ. ಪರರ ಆಚಾರಕ್ಕೆ ಎಡೆಗೊಡುವುದೂ ಆತಿಥ್ಯದ ಒಂದು ಅಂಗ.

ತಳಕಿನ ಪಾಠ

ನೀರು ಬುಗ್ಗೆಯಾಗಿ ಉಕ್ಕದ ನೆಲದಲ್ಲಿ ಹಿರಿಯರು ಅದನ್ನು ಕೂಡಿಟ್ಟರು. ಸೊನ್ನಲಿಗೆಯ ಸಿದ್ಧರಾಮರು ಕೆರೆಯನ್ನು ಕಟ್ಟಿಸಿದರು. ತಳಕಿನ ಸಮೀಪದ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನು ತೋಡಿಸಿ, ದುಡಿದವರಿಗೆ ದುಡಿದಷ್ಟು ಕೂಲಿಯನ್ನು ಸಲ್ಲಿಸಿದರೆಂದು ಈ ಸೀಮೆಯ ಮಗುವೂ ಬಲ್ಲದು. ಚಿತ್ರದುರ್ಗದ ಕೋಟೆಯೊಳಗಿನ ಹೊಂಡಗಳು ಒಂದು ತುಂಬಿ ಇನ್ನೊಂದಕ್ಕೆ ಹರಿಯುವಂತೆ ರಚಿತವಾಗಿವೆ. 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ಅಣೆಕಟ್ಟು ವೇದಾವತಿಯನ್ನು ತಡೆದು ನಿಲ್ಲಿಸಿತು. ಕಟ್ಟಿದವರ ಪುಣ್ಯಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ಬಳಸುವವರ ಧರ್ಮದಲ್ಲಿ. ಎಷ್ಟೋ ಕಲ್ಯಾಣಿಗಳ ಮೆಟ್ಟಿಲುಗಳ ಮೇಲೆ ಇಂದು ಸೋಪಿನ ಹೊದಿಕೆ, ಪ್ಲಾಸ್ಟಿಕ್ ಚೀಲ, ಹಳೆಯ ಬಟ್ಟೆಗಳು ಬಿದ್ದಿರುತ್ತವೆ. ಪಾಪವನ್ನು ಕಳೆಯಲೆಂದು ಬಂದವರು ಕೊಳೆಯನ್ನು ಬಿಟ್ಟುಹೋಗುತ್ತಾರೆ.

ದಾನಿಗಳು ಕಲ್ಯಾಣಿಯ ಕಲ್ಲುಗಳನ್ನು ಮತ್ತೆ ನಿಲ್ಲಿಸಬಲ್ಲರು. ಶಾಲೆಗೆ ನೀರಿನ ತೊಟ್ಟಿಯನ್ನು ಕಟ್ಟಿಸಿಕೊಡಬಲ್ಲರು. ಅದು ಮನೆಯೊಡೆಯನ ಪಾಲಿನ ಕೆಲಸ. ಆ ನೀರಿನ ಬಳಿಗೆ ಬರುವ ಮುನ್ನ ಕೈಕಾಲುಗಳನ್ನು ತೊಳೆಯುವುದನ್ನೂ, ತನ್ನ ಹಿಂದೆ ನಿಂತವನ ಬಾಯಾರಿಕೆಯನ್ನು ನೆನೆದು ಲೋಟವನ್ನು ತುಂಬುವುದನ್ನೂ, ನಲ್ಲಿಯನ್ನು ಭದ್ರವಾಗಿ ತಿರುಗಿಸಿ ಹೋಗುವುದನ್ನೂ ಕಲಿಸುವವನು ಉಪಾಧ್ಯಾಯ. ಆ ಪಾಠಕ್ಕೆ ಬೆನ್ನೀರ ಬುಗ್ಗೆ ಬೇಕಾಗಿಲ್ಲ, ಪರದೇಶದ ಪಯಣವೂ ಬೇಕಾಗಿಲ್ಲ. ಶಾಲೆಯ ಅಂಗಳದ ಒಂದು ತೊಟ್ಟಿ, ಅದರ ಮುಂದೆ ಸಾಲಾಗಿ ನಿಂತ ಮಕ್ಕಳು – ಇಷ್ಟಿದ್ದರೆ ಸಾಕು.